ನಾಲ್ಕು ಡಬ್ಬಿಯ ಮನೆ

"ಇನ್ನೊಂದು ಸುತ್ತು ತಿರುಗಿಸಿ ಅಕ್ಕ, ನೀರು ಇಳೀತಾನೇ ಇದೆ."

ಬೆಡ್‌ಶೀಟಿನ ಆ ತುದಿ ದೊಡ್ಡ ಸೊಸೆಯ ಕೈಯಲ್ಲಿತ್ತು, ಈ ತುದಿ ಫೈಲಕ್ಕನ ಕೈಯಲ್ಲಿ. ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ತಿರುಚಿದಂತೆ ಬಟ್ಟೆ ಹಗ್ಗವಾಗಿ, ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ನೀರು ಸುರಿಯಿತು. ಬೆಳಿಗ್ಗೆಯಿಂದ ಇದು ನಾಲ್ಕನೆಯದು.

"ದಿನಾ ಇಷ್ಟು ಬೀಳುತ್ತಾ?"

"ಇವತ್ತು ಕಮ್ಮಿ ಅನ್ನಿ. ಮಾವ ಎದ್ದು ಬಾತ್‌ರೂಮು ಮುಟ್ಟೋಷ್ಟರಲ್ಲಿ ಆಗಿಬಿಡುತ್ತೆ. ಮೇಲೆ ಈ ಓಕರಿಕೆ ಬೇರೆ. ನೀರು ಕುಡಿಯೋದು ನೋಡಿದ್ರೆ ನೀವು ಹೆದರ್ತೀರ. ತಲೆದೆಸೆಯಲ್ಲಿ ಎರಡು ಹೂಜಿ ತುಂಬಿಸಿಡ್ತೀನಿ, ಬೆಳಕು ಹರಿಯೋಷ್ಟರಲ್ಲಿ ಎರಡೂ ಖಾಲಿ."

ಫೈಲಕ್ಕ ಹಿಂಡುವುದನ್ನು ನಿಲ್ಲಿಸಿದಳು.

ಎಂಟು ತಿಂಗಳಿಂದ ಹೊಟ್ಟೆ ತೊಳಸಿ ತೊಳಸಿ ವಾಂತಿ ಮಾಡಿಕೊಳ್ಳುವ ಮನುಷ್ಯನ ಮೈ ಒಣಗಬೇಕು. ಮೈ ಒಣಗಿದವನಿಗೆ ಮೂತ್ರ ಕಟ್ಟಬೇಕು. ಇಲ್ಲಿ ನೋಡಿದರೆ ನಲ್ಲಿ ಬಿಟ್ಟ ಹಾಗೆ ಹೋಗುತ್ತಿದೆ. ದೊಡ್ಡ ಆಸ್ಪತ್ರೆಯೊಂದರ ರೆಕಾರ್ಡು ಕೋಣೆಯಲ್ಲಿ ಮೂವತ್ತೊಂದು ವರ್ಷ ರೋಗಿಗಳ ಫೈಲು ಕಟ್ಟಿ ಬಿಚ್ಚಿ ಮಾಡಿದವಳು ಅವಳು. ಆ ಹೆಸರು ಬಂದದ್ದೇ ಅಲ್ಲಿಂದ. ಡಾಕ್ಟರಿಕೆ ಕಲಿಯದಿದ್ದರೂ, ಯಾವ ಕಾಗದದ ಪಕ್ಕ ಯಾವ ಕಾಗದ ಇರಬೇಕು ಎಂಬುದು ಅವಳ ಬೆರಳಿಗೆ ಗೊತ್ತು.

"ಅಕ್ಕಾ, ಹಿಡ್ಕೊಳ್ಳಿ! ನೆಲಕ್ಕೆ ಬಿತ್ತು."

"ಬೀಳಲಿ ಬಿಡಮ್ಮ, ಮತ್ತೆ ಜಾಲಿಸಿದರಾಯಿತು. ಗಂಟೆ ಎಷ್ಟು?"

"ಹತ್ತೂವರೆ."

ಇನ್ನು ಆರೇ ಗಂಟೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಮೂವರು ಸತ್ತದ್ದಕ್ಕೆ ಅದರ ಆಪರೇಟರು ಜೈಲಿನಲ್ಲಿದ್ದಾನೆ. ಬಾಯ್ಲರ್ ಸರಿಯಿತ್ತು ಎಂದಾದರೆ ತಪ್ಪೆಲ್ಲ ಅವನದೇ. ಬಾಯ್ಲರ್ ಸರಿಯಿದೆ ಎಂಬ ಸರ್ಟಿಫಿಕೇಟಿನ ಮೇಲಿರುವ ಸಹಿ ತನ್ನದಲ್ಲ ಎಂದು ಈ ಮನೆಯ ಯಜಮಾನರು, ನಿವೃತ್ತ ಬಾಯ್ಲರ್ ಇನ್ಸ್‌ಪೆಕ್ಟರು, ಬರೆದು ಕಳಿಸಿದರೆ ಮಾತ್ರ ಅವನು ಉಳಿಯುತ್ತಾನೆ. ಆ ಹೇಳಿಕೆ ಇವತ್ತು ಸಂಜೆ ನಾಲ್ಕೂವರೆಗೆ ಅಂಚೆ ಕಚೇರಿಯ ಕಿಟಕಿ ಮುಚ್ಚುವುದರೊಳಗೆ ರಿಜಿಸ್ಟರ್ ಆಗಬೇಕು. ನಾಳೆ ವಿಚಾರಣೆಯ ಬಾಗಿಲು ಮುಚ್ಚುತ್ತದೆ.

ಆಪರೇಟರನ ಹೆಂಡತಿ ಮುಂಬಾಗಿಲ ಮೆಟ್ಟಿಲ ಮೇಲೆ ಏಳು ಗಂಟೆಯಿಂದ ಕೂತಿದ್ದಳು. ಕಾಫಿ ಕೊಟ್ಟರೆ ಬೇಡ ಎಂದಿದ್ದಳು, ಚಾಪೆ ಕೊಟ್ಟರೆ ಬೇಡ ಎಂದಿದ್ದಳು. ಗಂಡನಿಗಾಗಿ ಫೈಲಕ್ಕನ ಸಹಾಯ ಕೇಳಿ ಈ ಮನೆಗೆ ಕರೆತಂದವಳು ಅವಳೇ. ಫೈಲಕ್ಕ ಹಿತ್ತಿಲಿನಿಂದ ಬಂದಾಗ ಒಂದೇ ಮಾತು ಕೇಳಿದಳು.

"ಬರೆದ್ರಾ?"

"ಇನ್ನೂ ಇಲ್ಲ ಕಣೇ."

"ವಿಷ ಹಾಕ್ತಿದಾರೆ ಅಕ್ಕ. ನಾನು ನಿಮಗೆ ಮೊದಲ ದಿನಾನೇ ಹೇಳ್ದೆ. ನನ್ನ ಗಂಡನ ಪರ ಬರೀಬಾರದು ಅಂತ ಈ ಮನೆಯೋರೇ ಯಾರೋ ಹಾಕ್ತಿದಾರೆ."

ಫೈಲಕ್ಕ ಅಲ್ಲ ಎನ್ನಲಿಲ್ಲ. ಕಾರ್ಖಾನೆಯ ಮ್ಯಾನೇಜರು ಈ ಮನೆಯ ಅಳಿಯ.

*

ಸಾಹೇಬರ ಕೋಣೆಯಲ್ಲಿ ಕಿಟಕಿ ತೆರೆದಿದ್ದರೂ ಹುಳಿ ವಾಸನೆ. ದಿಂಬಿಗೆ ಒರಗಿ ಕೂತಿದ್ದರು. ಒಂದು ಕಾಲಕ್ಕೆ ಕಾರ್ಖಾನೆಯೊಳಗೆ ಕಾಲಿಟ್ಟರೆ ಮಾಲೀಕರು ಎದ್ದು ನಿಲ್ಲುತ್ತಿದ್ದ ಆಳು. ಈಗ ಅಂಗಿಯೊಳಗೆ ಕಡ್ಡಿ ಸಿಕ್ಕಿಸಿಟ್ಟ ಹಾಗಿದ್ದರು. ಚಿಕ್ಕ ಸೊಸೆ ಮಡಿಲ ಮೇಲೆ ಬರೆಯುವ ಹಲಗೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು.

"ಎರಡೇ ಸಾಲು ಸಾಹೇಬ್ರೆ," ಎಂದಳು ಫೈಲಕ್ಕ. "ನೀವು ಹೇಳಿ, ನಾನು ಬರ್ಕೋತೀನಿ. ಕೆಳಗೆ ರುಜು ಹಾಕಿದ್ರೆ ಸಾಕು."

ಅವರು ಅವಳ ಮುಖ ನೋಡಿದರು. ನೋಟ ಎಲ್ಲೋ ಜಾರಿತು.

"ಎಷ್ಟು ಸಲ ಬರೀಲಿ?" ಎಂದರು ಸಿಡುಕಿ.

"ಒಂದೇ ಸಲ."

"ಎಷ್ಟು ಸಲ…" ಮಾತು ಅಷ್ಟಕ್ಕೇ ನಿಂತಿತು. ಕೈ ಬಾಯಿಗೆ ಹೋಯಿತು. ಚಿಕ್ಕ ಸೊಸೆ ಬೇಸಿನ್ ಹಿಡಿಯುವಷ್ಟರಲ್ಲಿ ಹಲಗೆಯೂ ಕಾಗದವೂ ನೆನೆದವು.

"ಹೀಗೇ ಅಕ್ಕ, ಏನೇನೋ ಅಂತಾರೆ," ಎಂದಳು ಅವಳು ಒರೆಸುತ್ತ. "ನಮ್ಮ ಹೆಸರೂ ಮರೆತಿದಾರೆ. ನನ್ನ 'ಬುಧವಾರದವಳೇ' ಅಂತಾರೆ, ದೊಡ್ಡಕ್ಕನ್ನ 'ಸೋಮವಾರದವಳೇ' ಅಂತಾರೆ. ಪಾಳಿ ಮಾತ್ರ ಜ್ಞಾಪಕ."

ಅತ್ತೆ ತೀರಿಕೊಂಡ ಮೇಲೆ ಈ ಮನೆಯ ಹೆಂಗಸರು ವಾರವನ್ನು ಹಂಚಿಕೊಂಡಿದ್ದರು. ಸೋಮವಾರ, ಮಂಗಳವಾರ ದೊಡ್ಡ ಸೊಸೆ, ಬುಧವಾರ, ಗುರುವಾರ ಚಿಕ್ಕ ಸೊಸೆ, ಶುಕ್ರವಾರ, ಶನಿವಾರ ಮಗಳು ತನ್ನ ಮನೆಯಿಂದ ಬರುತ್ತಿದ್ದಳು, ಭಾನುವಾರಕ್ಕೆ ಆಯಾ.

"ಊಟಕ್ಕೆ ಉಪ್ಪು ಯಾವಾಗ ನಿಲ್ಲಿಸಿದ್ರಿ?" ಫೈಲಕ್ಕ ಕೇಳಿದಳು.

"ಪೂರ್ತಿ ನಿಲ್ಲಿಸಿಲ್ಲ. ಬಿಪಿ ಅಂತ ದೊಡ್ಡಕ್ಕ ಕಮ್ಮಿ ಮಾಡಿದಾರೆ. ಸಪ್ಪೆ ಅಂದ್ರೆ ಸಪ್ಪೆ, ನಾನಂತೂ ಬಾಯಿಗೆ ಹಾಕ್ಕೊಳ್ಳೋಕಾಗಲ್ಲ."

"ಮತ್ತೆ ನೀನು ನಿನ್ನಷ್ಟಕ್ಕೆ ಏನು ಕೊಡ್ತಿದೀಯ?"

ಅವಳು ಕೆಂಪಾದಳು. "ಕಬ್ಬಿಣದ ಟಾನಿಕ್ಕು. ರಕ್ತ ಕಮ್ಮಿ ಆಗಿರಬಹುದು ಅಂತ ನಾನೇ ತಂದೆ. ಬೆಳಿಗ್ಗೆ ಬರೀ ಹೊಟ್ಟೆಗೆ ಕೊಡ್ತೀನಿ."

"ಬರೀ ಹೊಟ್ಟೆಗೆ ಕಬ್ಬಿಣ ಬಿದ್ರೆ ಗಟ್ಟಿಮುಟ್ಟಾದ ಆಳೂ ಓಕರಿಸ್ತಾನೆ ಕಣಮ್ಮ."

"ಅಯ್ಯೋ! ಹಾಗಾದ್ರೆ ನಾನೇನಾ…"

"ಎಷ್ಟು ದಿನದಿಂದ?"

"ಹದಿನೈದು ದಿನ."

"ಓಕರಿಕೆ ಎಂಟು ತಿಂಗಳದು. ನಿನ್ನ ತಪ್ಪಿಗೆ ಅಷ್ಟು ವಯಸ್ಸಾಗಿಲ್ಲ, ಅಳಬೇಡ. ಫೈಲು ತಾ."

*

ಫೈಲು ಎಂದರೆ ದಪ್ಪ ರಟ್ಟು, ಮೂಲೆಗೆ ದಾರ. ಮಗಳೇ ಕಟ್ಟಿಟ್ಟದ್ದು. ಚೊಕ್ಕಟವಾಗಿತ್ತು. ಮೊದಲ ಡಾಕ್ಟರು ಗ್ಯಾಸು ಎಂದಿದ್ದರು. ಎರಡನೆಯವರು ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡಿ, ಹುಣ್ಣು ಇಲ್ಲ ಎಂದು ಬರೆದಿದ್ದರು. ಮೂರನೆಯವರು ಮೂರು ತಿಂಗಳ ಹಿಂದೆ ರಕ್ತಪರೀಕ್ಷೆಗೆ ಬರೆದಿದ್ದರು. ಅದರ ಮುಂದಿನ ಹಾಳೆ ಔಷಧಿ ಅಂಗಡಿಯ ಚೀಟಿ.

ಫೈಲಕ್ಕ ಹಿಂದಕ್ಕೆ ತಿರುವಿದಳು, ಮುಂದಕ್ಕೆ ತಿರುವಿದಳು. ಪರೀಕ್ಷೆ ಬರೆದ ಹಾಳೆ ಇದೆ, ಪರೀಕ್ಷೆಯ ಉತ್ತರ ಇಲ್ಲ. ದಾರದ ಹತ್ತಿರ ಒಂದು ಹಾಳೆಯ ಮೂಲೆ ಮಾತ್ರ ಹರಿದು ಉಳಿದಿತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಇಂಥ ಮೂಲೆಗಳನ್ನು ಬಹಳ ಕಂಡಿದ್ದಳು. ಹಾಳೆ ತಾನಾಗಿ ಉದುರಿದರೆ ತೂತು ಹಿಗ್ಗಿರುತ್ತದೆ. ಕಿತ್ತರೆ ಮೂಲೆ ಉಳಿಯುತ್ತದೆ.

"ಈ ರಕ್ತದ ರಿಪೋರ್ಟು ಎಲ್ಲಿ?"

ಇಬ್ಬರು ಸೊಸೆಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಎಲ್ಲಾ ನಾರ್ಮಲ್ ಬಂತಂತಲ್ಲ?" ಎಂದಳು ದೊಡ್ಡವಳು.

"ಅಂತ ಯಾರಂದ್ರು?"

"ಯಾರಂದ್ರೋ… ಮನೇಲಿ ಮಾತಾಡ್ಕೊಂಡ್ವಿ."

ಲ್ಯಾಬಿನ ಮುದುಕ ಫೋನಿನಲ್ಲೇ ರಿಜಿಸ್ಟರು ಹುಡುಕಿದ. ಅವನೂ ಅವಳೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಹುಡುಕುವಾಗ ಕೆಮ್ಮಿದ, ಬೈದುಕೊಂಡ, ಕನ್ನಡಕ ಎಲ್ಲಿ ಎಂದು ಯಾರನ್ನೋ ಕೇಳಿದ. ಫೈಲಕ್ಕ ರಿಸೀವರ್ ಹಿಡಿದು ಗೋಡೆಗಡಿಯಾರ ನೋಡುತ್ತ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಹನ್ನೊಂದೂ ಮುಕ್ಕಾಲು.

"ಸಿಕ್ತು. ಕ್ಯಾಲ್ಸಿಯಂ ಹದಿಮೂರು ಪಾಯಿಂಟ್ ಎಂಟು. ಹತ್ತೂವರೆ ದಾಟಬಾರದು ಮಾರಾಯ್ತಿ! ಕೆಂಪು ಶಾಯೀಲಿ ಗೆರೆ ಎಳೆದು 'ಇವತ್ತೇ ಡಾಕ್ಟರಿಗೆ ತೋರಿಸಿ' ಅಂತ ನಾನೇ ಬರೆದಿದೀನಿ."

"ಯಾರು ತಗೊಂಡು ಹೋದ್ರು?"

"'ಮನೆಯವರು' ಅಂತಿದೆ. ಗೀಚಿದಾರೆ. ನಾನೇನು ಮುಖ ನೆನಪಿಟ್ಕೊಳ್ಳಲಾ?"

ಮುಂದಿನ ಫೋನು ಸರಕಾರಿ ಆಸ್ಪತ್ರೆಯ ಡಾಕ್ಟರಮ್ಮನಿಗೆ. ಆಕೆ ಕೇಳಿದ ಮೊದಲ ಪ್ರಶ್ನೆ: "ಬಾಯಾರಿಕೆ ಇದೆಯಾ?"

"ಎರಡು ಹೂಜಿ."

"ಮಲಬದ್ಧತೆ? ಮಂಕು?"

"ಎರಡೂ."

"ನೋಡಿ ಅಕ್ಕ, ತುಂಬಾ ದಿನದ ಓಕರಿಕೆ ಅಂದ್ರೆ ಎಲ್ಲರೂ ಹೊಟ್ಟೇನೇ ನೋಡ್ತಾರೆ. ರಕ್ತದಲ್ಲಿ ಸೋಡಿಯಂ ಇಳಿದ್ರೂ ಹೊಟ್ಟೆ ತೊಳಸುತ್ತೆ, ಮೆಗ್ನೀಸಿಯಂ ಇಳಿದ್ರೂ ತೊಳಸುತ್ತೆ. ಬಿ ಹನ್ನೆರಡು ಕಮ್ಮಿಯಾದೋರಿಗೂ ಊಟ ಸೇರಲ್ಲ. ಕ್ಯಾಲ್ಸಿಯಂ ಏರಿದ್ರೂ ಅದೇ ಕಥೆ, ಜೊತೆಗೆ ಮೂತ್ರ ಜಾಸ್ತಿ ಹೋಗುತ್ತೆ, ಮೈ ಒಣಗುತ್ತೆ, ಒಣಗಿದಷ್ಟೂ ಕ್ಯಾಲ್ಸಿಯಂ ಇನ್ನೂ ಏರುತ್ತೆ. ಅದು ಏರೋಕೆ ಕಾರಣ ಬೇರೆ ಬೇರೆ ಇರಬಹುದು. ಗಂಟಲ ಹತ್ತಿರದ ಗ್ರಂಥಿ ಇರಬಹುದು, ಗೆಡ್ಡೆ ಇರಬಹುದು. ಆದ್ರೆ ಮೊದಲು ಮನೇಲಿ ಏನೇನು ನುಂಗಿಸ್ತಿದಾರೆ ನೋಡಿ. ವಿಟಮಿನ್ ಡಿ ಇದೆಯಾ ನೋಡಿ. ಆಮೇಲೆ ತಡ ಮಾಡದೆ ಕರ್ಕೊಂಡು ಬನ್ನಿ. ಮೂರು ತಿಂಗಳ ಹಿಂದೇನೇ ಹದಿಮೂರೂಮುಕ್ಕಾಲು ಅಂದ್ರೆ ಹುಡುಗಾಟ ಅಲ್ಲ."

"ಇವತ್ತು ಡ್ರಿಪ್ ಹಾಕಿದ್ರೆ ನಾಲ್ಕು ಗಂಟೆ ಹೊತ್ತಿಗೆ ಬರೆಯೋಷ್ಟು ಬುದ್ಧಿ ತಿಳಿಯಾಗುತ್ತಾ?"

ಡಾಕ್ಟರಮ್ಮ ನಗಲಿಲ್ಲ. "ನಾಲ್ಕು ದಿನ ಕೇಳಿ, ಕೊಡ್ತೀನಿ. ನಾಲ್ಕು ಗಂಟೆ ಕೇಳಬೇಡಿ."

*

ಆಂಬ್ಯುಲೆನ್ಸಿಗೆ ಹೇಳಿ, ಅದು ಬರುವುದರೊಳಗೆ ಫೈಲಕ್ಕ ಊಟದ ಮೇಜನ್ನು ಖಾಲಿ ಮಾಡಿಸಿದಳು.

"ಡಬ್ಬಿಗಳನ್ನ ತನ್ನಿ."

ಈ ಮನೆಯ ವಿಚಿತ್ರ ಅದು. ಎರಡು ವರ್ಷದ ಹಿಂದೆ ಬಿಪಿ ಮಾತ್ರೆ ಒಂದು ದಿನ ತಪ್ಪಿ, ನೀನು ಮರೆತೆ, ನಾನಲ್ಲ ನೀನು ಎಂದು ದೊಡ್ಡ ರಂಪವಾಗಿತ್ತು. ಆಗ ಮಗಳು ಕಾನೂನು ಮಾಡಿದಳು. ಒಬ್ಬೊಬ್ಬರದೂ ಒಂದೊಂದು ಡಬ್ಬಿ. ಅವರವರ ದಿನದ ಮಾತ್ರೆ ಅವರವರೇ ಅಂಗಡಿಯಿಂದ ತರಬೇಕು, ಅವರೇ ಕೊಡಬೇಕು, ಮುಚ್ಚಳದೊಳಗಿನ ಚೀಟಿಯಲ್ಲಿ ಗುರುತು ಹಾಕಬೇಕು. ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಅಂದಿನಿಂದ ಜಗಳ ನಿಂತಿತ್ತು.

ದೊಡ್ಡ ಸೊಸೆಯದು ಬಿಸ್ಕತ್ತಿನ ತಗಡಿನ ಡಬ್ಬಿ. ಚಿಕ್ಕವಳದು ಪ್ಲಾಸ್ಟಿಕ್ಕಿನದು. ಆಯಾಳದು ಹಳೆಯ ಪೌಡರ್ ಡಬ್ಬಿ. ಅವಳನ್ನು ಫೈಲಕ್ಕ ನಿನ್ನೆಯೇ ಹೇಳಿಕಳಿಸಿ ಕರೆಸಿದ್ದಳು. ಮಗಳದು ಕನ್ನಡಕದ ಉದ್ದನೆಯ ಪೆಟ್ಟಿಗೆ.

"ಒಬ್ಬೊಬ್ಬರೂ ನಿಮ್ಮ ಪಾಳೀಲಿ ಏನು ಕೊಡ್ತೀರಿ, ನನ್ನ ಮುಂದೆ ಇಡಿ. ಸೋಮವಾರದವಳು ಮೊದಲು."

"ಇದು ಬಿಪಿದು. ಇದು ನಿದ್ದೇದು, ಅರ್ಧ. ಇದು ಮೂಳೆಗೆ." ದೊಡ್ಡ ಸೊಸೆ ಹಳದಿ ಗುಳಿಗೆಯ ಪಟ್ಟಿಯೊಂದನ್ನು ಇಟ್ಟಳು. "ಮಾವ ಜಾರಿ ಬಿದ್ದಾಗ ಮೂಳೆ ಡಾಕ್ಟರು ಬರೆದದ್ದು. ವಿಟಮಿನ್ ಡಿ, ಅರವತ್ತು ಸಾವಿರದ್ದು. ವಾರಕ್ಕೊಂದು."

"ವಾರಕ್ಕೆ ಎಷ್ಟು ಕೊಡ್ತೀಯ?"

"ಒಂದೇ! ಸೋಮವಾರ ಬೆಳಿಗ್ಗೆ. ಚೀಟಿ ನೋಡಿ, ಒಂದು ವಾರಾನೂ ತಪ್ಪಿಸಿಲ್ಲ. ನನ್ನ ಮೇಲೆ ಬೆರಳು ತೋರಿಸೋಹಾಗಿಲ್ಲ ಯಾರೂ."

ಚಿಕ್ಕ ಸೊಸೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೈಯಿಟ್ಟವಳು ಹಾಗೇ ನಿಂತಳು. ನಿಧಾನವಾಗಿ ಕೈ ಹೊರಗೆ ಬಂತು. ಬೆರಳುಗಳ ನಡುವೆ ಅದೇ ಹಳದಿ ಪಟ್ಟಿ.

"ನಾನೂ ವಾರಕ್ಕೊಂದೇ ಕೊಡ್ತೀನಿ," ಎಂದಳು. ಸ್ವರ ಸಣ್ಣಗಾಗಿತ್ತು. "ಬುಧವಾರ."

"ನೀನ್ಯಾಕೆ ಕೊಟ್ಟೆ? ನಾನು ಕೊಡ್ತಿದ್ನಲ್ಲ!"

"ನೀವು ಕೊಡ್ತೀರಿ ಅಂತ ನನಗೇನು ಕನಸು ಬಿದ್ದಿತ್ತಾ? ನಿಮ್ಮ ಡಬ್ಬಿ ಮುಟ್ಟಿದ್ರೆ ಮನೆ ತಲೆ ಮೇಲೆ ಹೊತ್ಕೋತೀರಿ!"

ಆಯಾ ತನ್ನ ಪೌಡರ್ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಹಳದಿ ಪಟ್ಟಿ ಎಲ್ಲಕ್ಕಿಂತ ಮೇಲೆ ಬಿತ್ತು. ಜೊತೆಗೆ ಸೀಮೆಸುಣ್ಣದ ಬಿಲ್ಲೆಗಳಂಥ ಮಾತ್ರೆ ಒಂದು ಹಿಡಿ.

"ಭಾನುವಾರ ನಂದು ಒಂದು," ಎಂದಳು. "ಈ ಬಿಳೀದು ಹುಳಿತೇಗಿಗೆ. ಸಾಹೇಬ್ರು ಓಕರಿಸಿದಾಗೆಲ್ಲ ಒಂದೊಂದು ಚೀಪಿಸ್ತೀನಿ. ನಾಲ್ಕಾಗುತ್ತೆ, ಒಂದೊಂದು ದಿನ ಆರಾಗುತ್ತೆ. ಅಮ್ಮಂದಿರಿಗೂ ಕೊಟ್ಟಿದೀನಿ, ಅವರ ದಿನದಲ್ಲೂ ಚೀಪಿಸಲಿ ಅಂತ."

ಫೈಲಕ್ಕ ಆ ಬಿಲ್ಲೆಯ ಪೊಟ್ಟಣ ಓದಿದಳು. ಅದೂ ಕ್ಯಾಲ್ಸಿಯಮ್ಮೇ. ಓಕರಿಕೆ ನಿಲ್ಲಲಿ ಎಂದು ಕೊಟ್ಟದ್ದು ಓಕರಿಕೆಯ ಒಲೆಗೆ ಸೌದೆಯಾಗಿತ್ತು.

ಎಂಟು ವಾರಕ್ಕೆಂದು ಬರೆದ ಗುಳಿಗೆ. ಯಾರೂ ನಿಲ್ಲಿಸಿ ಎನ್ನಲಿಲ್ಲವೆಂದು ಹತ್ತು ತಿಂಗಳು ನಡೆದಿತ್ತು. ಒಬ್ಬೊಬ್ಬರೂ ನಿಷ್ಠೆಯಿಂದ ವಾರಕ್ಕೊಂದು. ಒಂದು ಸಲವೂ ತಪ್ಪಿಲ್ಲ, ಒಂದು ಗುರುತೂ ಬಿಟ್ಟಿಲ್ಲ. ಯಾರ ಡಬ್ಬಿ ನೋಡಿದರೂ ಸರಿ. ನಾಲ್ಕನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ದೊಡ್ಡ ಸೊಸೆ ಕುರ್ಚಿ ಎಳೆದು ಕೂತಳು. ಹಿಂಡುವಾಗ ಇದ್ದ ತೋಳಿನ ಕಸುವೆಲ್ಲ ಎಲ್ಲಿ ಹೋಯಿತೋ.

"ನಾವೇ ಕೊಂದ್ವಾ ಅಕ್ಕ?"

"ಕೊಂದಿಲ್ಲ. ಆಂಬ್ಯುಲೆನ್ಸು ಬರ್ತಿದೆ. ಒಂದು ಚೀಲದಲ್ಲಿ ಬಟ್ಟೆ ತುಂಬು. ಈ ಪಟ್ಟಿಗಳೆಲ್ಲ ಡಾಕ್ಟರಮ್ಮನ ಕೈಗೆ ಹೋಗಬೇಕು."

ಹೇಳುತ್ತಲೇ ಅವಳು ಕನ್ನಡಕದ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಗಳದು. ಬಿಪಿ ಮಾತ್ರೆ ಇತ್ತು, ನಿದ್ದೆಯದು ಇತ್ತು, ಹಳದಿ ಪಟ್ಟಿಯೂ ಇತ್ತು. ಆದರೆ ಈ ಪಟ್ಟಿಯಲ್ಲಿ ಒಂದೇ ಗುಳಿಗೆ ಖಾಲಿಯಾಗಿತ್ತು. ಮೂರು ಹಾಗೇ ಇದ್ದವು. ಪೆಟ್ಟಿಗೆಯ ಮುಚ್ಚಳದೊಳಗಿನ ಚೀಟಿಯನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಸಣ್ಣ, ಚೊಕ್ಕ ಗುರುತುಗಳು. ಬಿಪಿಯ ಸಾಲು ಕಳೆದ ಶನಿವಾರದವರೆಗೂ ತುಂಬಿತ್ತು. ಹಳದಿ ಗುಳಿಗೆಯ ಸಾಲು ಮೂರು ತಿಂಗಳ ಹಿಂದೆ ಒಂದು ಶುಕ್ರವಾರಕ್ಕೆ ನಿಂತಿತ್ತು.

ಲ್ಯಾಬಿನ ರಿಜಿಸ್ಟರಿನಂತೆ ರಕ್ತ ಕೊಟ್ಟದ್ದು ಅದರ ಮುಂದಿನ ಮಂಗಳವಾರ.

ಆಂಬ್ಯುಲೆನ್ಸು ತಡವಾಗಿ, ಮೂರು ಗಂಟೆ ದಾಟಿದ ಮೇಲೆ ಸ್ಟ್ರೆಚರ್ ಬಂತು. ಹೊಸ್ತಿಲು ದಾಟಿಸುವಾಗ ಸಾಹೇಬರು ಫೈಲಕ್ಕನ ಸೆರಗು ಹಿಡಿದುಕೊಂಡರು.

"ಎಷ್ಟು ಸಲ ಬರೀಲಿ? ಬರೆದು ಕೊಟ್ಟೆನಲ್ಲ."

ಫೈಲಕ್ಕ ಬಗ್ಗಿದಳು. "ಯಾರಿಗೆ ಕೊಟ್ರಿ?"

"ಶುಕ್ರವಾರದವಳಿಗೆ."

*

ಮಗಳ ಕನ್ನಡಕದ ಅಂಗಡಿ ಮೂರು ಬೀದಿ ಆಚೆ. ಫೈಲಕ್ಕನೂ ಆಪರೇಟರನ ಹೆಂಡತಿಯೂ ಬಿಸಿಲಿನಲ್ಲಿ ಓಡುನಡಿಗೆಯಲ್ಲಿ ಹೋದರು. ಫೈಲಕ್ಕನ ಮೊಣಕಾಲು ಪ್ರತಿ ಹೆಜ್ಜೆಗೂ ಒಂದೊಂದು ಮಾತು ಅನ್ನುತ್ತಿತ್ತು. ಆಪರೇಟರನ ಹೆಂಡತಿ ಒಂದು ಹೆಜ್ಜೆ ಮುಂದೆ ಹೋಗುವುದು, ತಿರುಗಿ ನಿಲ್ಲುವುದು, ಮತ್ತೆ ಮುಂದೆ ಹೋಗುವುದು.

"ನೀನು ಹೊರಗೇ ಇರು," ಎಂದಳು ಫೈಲಕ್ಕ ಅಂಗಡಿಯ ಮುಂದೆ. "ನಿನ್ನ ನೋಡಿದ್ರೆ ಅವಳು ಬಾಯಿ ಬಿಡಲ್ಲ."

"ನಾನು ಏನೂ ಅನ್ನಲ್ಲ ಅಕ್ಕ."

"ನೀನು ಅನ್ನದೆ ನಿಂತರೇನೇ ಜಾಸ್ತಿ."

ಒಳಗೆ ಮೂರು ಗೋಡೆಯ ತುಂಬ ಕಣ್ಣಿಲ್ಲದ ಕನ್ನಡಕಗಳು. ನಾಲ್ಕನೆಯದರಲ್ಲಿ ಅಕ್ಷರದ ಪಟ. ಮಗಳು ಗಾಜಿನ ಮೇಜಿನ ಹಿಂದೆ ಕೂತು ಯಾರದೋ ಫ್ರೇಮಿಗೆ ಸಾಸಿವೆಯಷ್ಟು ಸ್ಕ್ರೂ ಕೂರಿಸುತ್ತಿದ್ದಳು. ಕೈ ಒಂಚೂರೂ ನಡುಗುತ್ತಿರಲಿಲ್ಲ. ಅವಳ ಫೋನು ಮೇಜಿನ ಮೇಲೆ ಗುಂಯ್‌ಗುಟ್ಟುತ್ತ ಸುತ್ತು ಹಾಕುತ್ತಿತ್ತು.

"ಅತ್ತಿಗೆ ಹೇಳಿದ್ರು," ಎಂದಳು ತಲೆಯೆತ್ತದೆ. "ಮಾತ್ರೆ ಜಾಸ್ತಿ ಆಗಿತ್ತಂತೆ. ಯಾರಿಗೂ ಗೊತ್ತೇ ಆಗ್ಲಿಲ್ಲ ನೋಡಿ. ಅಂಗಡಿ ಮುಚ್ಚಿ ಈಗ ಆಸ್ಪತ್ರೆಗೇ ಹೊರಟಿದ್ದೆ."

"ಒಬ್ಬರಿಗೆ ಗೊತ್ತಾಗಿತ್ತು."

ಸ್ಕ್ರೂ ಗಾಜಿನ ಮೇಲೆ ಬಿತ್ತು. ಟಿಂಗ್ ಎಂದಿತು.

ಫೈಲಕ್ಕ ಚೀಟಿಯನ್ನು ಮೇಜಿನ ಮೇಲೆ ಹರಡಿ, ನಿಂತುಹೋದ ಸಾಲಿನ ಮೇಲೆ ಬೆರಳಿಟ್ಟಳು.

"ನನ್ನ ಡಬ್ಬಿಗೆ ಕೈ ಹಾಕಿದ್ರಾ?"

"ಹಾಕ್ದೆ. ಆ ಕಾನೂನು ನಿಮ್ಮ ಮನೇದು, ನನ್ನದಲ್ಲ. ರಿಪೋರ್ಟು ತಂದವಳು ನೀನು. ಕೆಂಪು ಗೆರೆ ಓದಿದವಳು ನೀನು. ಓದಿ ಎಲ್ಲೋ ವಿಚಾರಿಸಿದೀಯ. ಆ ವಾರದಿಂದ ಗುಳಿಗೆ ಕೊಟ್ಟಿಲ್ಲ."

"ಹೌದು, ಕೊಟ್ಟಿಲ್ಲ!" ಅವಳು ತಟ್ಟನೆ ಎದ್ದಳು. "ಅವತ್ತಿಂದ ನನ್ನ ಕೈಯಾರೆ ಒಂದೂ ಕೊಟ್ಟಿಲ್ಲ. ಕೇಳಿ ಬೇಕಾದ್ರೆ."

"ಕೇಳೋದೇನು, ಬರೆದಿಟ್ಟಿದೀಯಲ್ಲ. ನಿನ್ನ ಪಾಲಿನದು ನಿಲ್ಲಿಸಿದೆ. ಮಿಕ್ಕ ಮೂವರಿಗೆ ಒಂದು ಮಾತು ಹೇಳಲಿಲ್ಲ. ಸೋಮವಾರ ಒಂದು, ಬುಧವಾರ ಒಂದು, ಭಾನುವಾರ ಒಂದು ಹೋಗ್ತಾನೇ ಇತ್ತು. ಶುಕ್ರವಾರ ಬಂದು ನೀನೇ ಬೇಸಿನ್ ಹಿಡೀತಿದ್ದೆ."

ಮಗಳು ಗೋಡೆಗೆ ಒರಗಿದಳು. ಹಿಂದಿನ ಕನ್ನಡಕಗಳು ಅಲುಗಾಡಿದವು.

"ನಾಳೆ ಹೇಳ್ತೀನಿ ಅನ್ಕೊಳ್ಳೋದು," ಎಂದಳು. "ದಿನಾ ಅನ್ಕೊಳ್ಳೋದು. ಅಪ್ಪ ಸ್ವಲ್ಪ ಹುಷಾರಾಗಿ ಕಂಡ್ರೆ ಎದೆ ಝಲ್ ಅನ್ನೋದು. ಬರೀತಾರೆ ಈಗ, ಕೂತು ಬರೆದೇಬಿಡ್ತಾರೆ. ಓಕರಿಸಿದ್ರೆ… ಬಾಯಿಬಿಟ್ಟು ಹೇಗೆ ಹೇಳ್ಲಿ ಅಕ್ಕ. ಓಕರಿಸಿದ್ರೆ ಉಸಿರು ಬರೋದು ನನಗೆ."

ಫೋನು ಮತ್ತೆ ಸುತ್ತಿತು. ಪರದೆಯ ಮೇಲೆ ಅವಳ ಗಂಡನ ಮುಖ. ಅವಳು ಅದನ್ನು ಬೋರಲು ಹಾಕಿದಳು.

"ಗಂಡನ್ನ ಉಳಿಸೋಕೆ ಅಪ್ಪನ್ನ ಹೀಗೆ ಬಿಟ್ಟೆಯಾ?"

ಅವಳು ಮೇಜಿನ ಮೇಲೆ ಬಿದ್ದಿದ್ದ ಸ್ಕ್ರೂ ಎತ್ತಿಕೊಂಡಳು.

"ಸರಿ. ಅದು ಆಮೇಲೆ. ಕಾಗದ ಎಲ್ಲಿ?"

"ಯಾವ ಕಾಗದ?"

"ನೀನು ದಡ್ಡಿಯಲ್ಲ, ನನ್ನನ್ನೂ ಮಾಡಬೇಡ. ಅವರು ಬರೆದಾಗಿದೆ. ಬರೆದು ಶುಕ್ರವಾರದವಳ ಕೈಗೆ ಕೊಟ್ಟಿದಾರೆ. ಮೂರೂಮುಕ್ಕಾಲು ಆಯಿತು. ಹೊರಗೆ ನೋಡು."

ಗಾಜಿನ ಬಾಗಿಲಾಚೆ ಆಪರೇಟರನ ಹೆಂಡತಿ ನಿಂತಿದ್ದಳು. ಒಳಗೆ ನೋಡುತ್ತಿರಲಿಲ್ಲ. ರಸ್ತೆಯನ್ನೂ ನೋಡುತ್ತಿರಲಿಲ್ಲ. ಚಪ್ಪಲಿಯಿಂದ ಒಂದು ಕಾಲು ತೆಗೆಯುವುದು, ಮತ್ತೆ ಹಾಕುವುದು, ಅಷ್ಟೇ ಮಾಡುತ್ತಿದ್ದಳು.

ಮಗಳು ಬಹಳ ಹೊತ್ತು ಆ ಕಾಲನ್ನೇ ನೋಡಿದಳು.

ಆಮೇಲೆ ಅಕ್ಷರದ ಪಟವನ್ನು ಮೊಳೆಯಿಂದ ಇಳಿಸಿದಳು. ಹಿಂದಿನ ರಟ್ಟಿಗೆ ಟೇಪಿನಿಂದ ಅಂಟಿಸಿದ ಲಕೋಟೆ. ವಿಚಾರಣಾಧಿಕಾರಿಯ ವಿಳಾಸ, ಅಲುಗಾಡಿದ ಅಕ್ಷರ. ಅಂಟು ಒಮ್ಮೆ ಬಿಚ್ಚಿ ಮತ್ತೆ ಹಚ್ಚಿದ್ದು ಕಾಣುತ್ತಿತ್ತು.

"ಐದು ವಾರ ಆಯ್ತು," ಎಂದಳು. "ಆ ಶುಕ್ರವಾರ ಅದ್ಹೇಗೋ ಬೆಳಿಗ್ಗೆಯಿಂದ ಓಕರಿಕೆ ಇರಲಿಲ್ಲ. ಬಾಗಿಲು ಹಾಕ್ಕೊಂಡು ಬರೆದ್ರು. ಮನೇಲಿ ಅಷ್ಟು ಜನ ಇದ್ರು ಅಕ್ಕ. ಅತ್ತಿಗೆಯರ ಕೈಗೆ ಕೊಡಬಹುದಿತ್ತು. ನನ್ನ ಕೈಗೇ ಕೊಟ್ಟು 'ಅಂಚೆ ಡಬ್ಬಿಗೆ ಹಾಕಿಬಿಡಮ್ಮ' ಅಂದ್ರು."

"ಇತ್ತ ಕೊಡು."

"ಬೇಡ." ಅವಳು ಲಕೋಟೆಯನ್ನು ಎದೆಗೆ ಒತ್ತಿಕೊಂಡಳು. "ನನ್ನ ಕೈಗೆ ಕೊಟ್ಟಿರೋದು. ನಾನೇ ಹಾಕ್ತೀನಿ."

ಫೈಲಕ್ಕನಿಗೆ ಕಿತ್ತುಕೊಳ್ಳಬೇಕೆನಿಸಿತು. ಈ ಮಾತನ್ನು ಐದು ವಾರದಿಂದ ನಡೆಸದವಳು ಇನ್ನು ಅರ್ಧ ಗಂಟೆಯಲ್ಲಿ ನಡೆಸುತ್ತಾಳೆಂದು ಹೇಗೆ ನಂಬುವುದು? ಆದರೆ ಕೈ ಮುಂದೆ ಹೋಗಲಿಲ್ಲ. ಅವಳು ಬಾಗಿಲು ತೆರೆದು ಹಿಡಿದಳು.

*

ಅಂಚೆ ಕಚೇರಿಯಲ್ಲಿ ಸಾಲು ಬಾಗಿಲವರೆಗೂ ಇತ್ತು. ನಾಲ್ಕು ಹತ್ತು. ಮುಂದೆ ಒಬ್ಬ ಅಜ್ಜ ಪಾರ್ಸೆಲಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಗೋಂದಿನ ಬಟ್ಟಲಿನ ಸುತ್ತ ನೊಣ. ಕಿಟಕಿಯಾಚೆ ಗುಮಾಸ್ತೆ ಬಳೆ ಹಿಂದಕ್ಕೆ ತಳ್ಳಿ ಮುದ್ರೆ ಒತ್ತುತ್ತಿದ್ದಳು, ಒತ್ತಿ ಒತ್ತಿ ಗಡಿಯಾರ ನೋಡುತ್ತಿದ್ದಳು.

ಮೂವರೂ ಸಾಲಿನಲ್ಲಿ ನಿಂತರು. ಮಗಳು ಮುಂದೆ, ನಡುವೆ ಫೈಲಕ್ಕ, ಹಿಂದೆ ಆಪರೇಟರನ ಹೆಂಡತಿ. ನಾಲ್ಕು ಹದಿನೆಂಟಕ್ಕೆ ಮಗಳು ಸಾಲಿನಿಂದ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟಳು. ಬೀದಿ ಕಡೆಯ ಕಿಟಕಿಯ ಸರಳು ಹಿಡಿದು ಹೊರಗೆ ಒಂದು ಸಲ ನೋಡಿ, ಮತ್ತೆ ತನ್ನ ಜಾಗಕ್ಕೆ ಬಂದಳು.

"ಅಜ್ಜಾ, ಬೇಗ ಮುಗಿಸಿ," ಎಂದಳು ಗುಮಾಸ್ತೆ. "ದಾರಕ್ಕೆ ಇಷ್ಟು ಉಪಚಾರ ಮಾಡಿದ್ರೆ ಒಳಗಿರೋದು ಬೇಜಾರು ಮಾಡ್ಕೊಳ್ಳುತ್ತೆ."

ಸಾಲಿನಲ್ಲಿ ಯಾರೋ ನಕ್ಕರು. ನಾಲ್ಕು ಇಪ್ಪತ್ತೈದು.

ಮಗಳ ಸರದಿ ಬಂತು. ಲಕೋಟೆ ತಕ್ಕಡಿಯ ಮೇಲೆ ಕೂತಿತು. ಗುಮಾಸ್ತೆ ಅಂಚೆಚೀಟಿ ಹರಿಯುತ್ತಿರುವಾಗ ಮಗಳು ಹಿಂತಿರುಗದೆಯೇ ಮಾತಾಡಿದಳು, ಹಿಂದಿದ್ದ ಫೈಲಕ್ಕನಿಗಷ್ಟೇ ಕೇಳುವ ಹಾಗೆ.

"ನೀವು ಅಂಗಡೀಲಿ ಗಂಡನ್ನ ಉಳಿಸೋಕಾ ಅಂದ್ರಿ. ಆ ಕಾಗದದಲ್ಲಿ ನನ್ನ ಗಂಡನ 'ಗ'ಕಾರಾನೂ ಇಲ್ಲ ಅಕ್ಕ."

"ಮತ್ತೆ?"

"ಅಪ್ಪ ಇನ್ನೂ ಕೆಲಸದಲ್ಲಿದ್ದಾಗಲೇ ಕೈ ನಡುಗೋಕೆ ಶುರುವಾಯ್ತು, ಆವಾಗಿಂದ ಆಫೀಸಿನ ಕಾಗದಕ್ಕೆಲ್ಲ ಮನೇಲಿ ಸಹಿ ಹಾಕ್ತಿದ್ದೋಳು ನಾನು. ಸಂಬಳದ ಹಾಳೆ, ರಜೆ ಅರ್ಜಿ. ಅವರೇ ಕಲಿಸಿದ್ರು. ಬಾಯ್ಲರಿನ ಸರ್ಟಿಫಿಕೇಟಿಗೂ ಅದೇ ರೂಢೀಲಿ ನಾನೇ ಹಾಕ್ದೆ. ಅವರಿಗೆ ಹೇಳದೆ. ಅಪ್ಪ ನೋಡಿದ ಕೂಡ್ಲೇ ಗುರುತು ಹಿಡಿದಿದಾರೆ. ಒಳಗೆ ಬರೆದಿರೋದು ನನ್ನ ಹೆಸರು."

ಫೈಲಕ್ಕ ಲಕೋಟೆಯ ಮತ್ತೆ ಹಚ್ಚಿದ ಅಂಟನ್ನು ನೋಡಿದಳು. ಐದು ವಾರ ಇದನ್ನು ಬಿಚ್ಚಿ ಓದಿ, ಮತ್ತೆ ಅಂಟಿಸಿ, ದಿನಾ ಆ ಪಟದ ಕೆಳಗೆ ಕೂತು ಜನರ ಕಣ್ಣು ಪರೀಕ್ಷೆ ಮಾಡಿದ್ದಾಳೆ.

"ಫಾರಂ ತಂದುಕೊಟ್ಟವನು ನಿನ್ನ ಗಂಡನೇ ತಾನೆ?"

"ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪಾನೇ ಹಾಕಿದ್ದು, ಈಗ ಹೆದರಿ ಇಲ್ಲ ಅಂತಿದಾರೆ ಅಂತ ನಂಬಿದಾರೆ. ಅದಕ್ಕೇ ಬೆಳಿಗ್ಗೆಯಿಂದ ಫೋನು."

"ಹಾಗಾದ್ರೆ ತಂದುಕೊಟ್ಟವರು ಯಾರು?"

ಮಗಳು ಈಗ ತಿರುಗಿದಳು. ಅವಳ ಕಣ್ಣು ಫೈಲಕ್ಕನನ್ನು ದಾಟಿ, ಅವಳ ಹೆಗಲ ಹಿಂದೆ ನಿಂತಿದ್ದ ಆಪರೇಟರನ ಹೆಂಡತಿಯ ಮೇಲೆ ನಿಂತಿತು. ಅವಳು ಈ ಮಾತೊಂದನ್ನೂ ಕೇಳಿಸಿಕೊಂಡಿರಲಿಲ್ಲ, ಲಕೋಟೆಯನ್ನೇ ನೋಡುತ್ತಿದ್ದಳು.

"ಇವಳ ಗಂಡ," ಎಂದಳು ಮಗಳು ತುಟಿ ಅಲುಗಿಸಿದಷ್ಟೇ ಮೆಲ್ಲಗೆ. "ಅದೂ ಅಪ್ಪ ಬರೆದಿದಾರೆ. ಈ ಕಾಗದ ಅವನನ್ನೂ ಬಿಡಿಸಲ್ಲ."

"ಏನಮ್ಮಾ, ಕಳಿಸೋದಾ ಬೇಡ್ವಾ?" ಗುಮಾಸ್ತೆ ಮುದ್ರೆ ಎತ್ತಿ ಹಿಡಿದು ಕೇಳಿದಳು. "ಇನ್ನು ಎರಡು ನಿಮಿಷಕ್ಕೆ ಚೀಲ ಕಟ್ತೀನಿ."

ಹಿಂದಿನಿಂದ ಬೆವೆತ ಕೈಯೊಂದು ಫೈಲಕ್ಕನ ತೋಳನ್ನು ಹಿಡಿಯಿತು.

"ಹೋಗುತ್ತಾ ಅಕ್ಕ ಅದು? ಇವತ್ತೇ ಹೋಗುತ್ತಾ?"

ಮಗಳು ಅವಳನ್ನೊಮ್ಮೆ, ಫೈಲಕ್ಕನನ್ನೊಮ್ಮೆ ನೋಡಿದಳು. ಫೈಲಕ್ಕ ಹೂಂ ಎಂದು ತಲೆ ಆಡಿಸಲೂ ಇಲ್ಲ, ಬೇಡವೆಂದು ಅಲ್ಲಾಡಿಸಲೂ ಇಲ್ಲ.

"ಕಳಿಸಿ," ಎಂದಳು ಮಗಳು.

ಮುದ್ರೆ ಧಪ್ಪೆಂದು ಬಿತ್ತು. ಗುಮಾಸ್ತೆ ರಸೀತಿ ಹರಿದು ಕಿಟಕಿಯಿಂದ ಹೊರಕ್ಕೆ ತಳ್ಳಿ, ಲಕೋಟೆಯನ್ನು ಹಿಂದಕ್ಕೆ ನೋಡದೆ ಚೀಲದೊಳಗೆ ಎಸೆದಳು.